ಅಂಚಿನ ಸಿಕ್ಕಾ

ನಾಲ್ಕು ದಿನದಿಂದ ದಾವಲಬಿಯ ಕುತ್ತಿಗೆ ಸ್ವಲ್ಪ ಮೇಲಕ್ಕೇ ನಿಂತಿತ್ತು, ಅದು ಅವಳಿಗೂ ಗೊತ್ತಿತ್ತು. ಶನಿವಾರ ಬೆಳಿಗ್ಗೆ ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಓಣಿಯಲ್ಲಿ ನಡೆದು ಬರುವಾಗಲೂ ನಲವತ್ತೈದು, ನಲವತ್ತೈದು ಎಂದು ಒಳಗೊಳಗೇ ಎಣಿಸುತ್ತಿದ್ದಳು. ಮಂಗಳವಾರ ರೊಟ್ಟಿ ಕೇಂದ್ರದಲ್ಲಿ ಮೇಲ್ವಿಚಾರಕಿ ಶರ್ವರಿ ಮೊಬೈಲಿನಲ್ಲಿ ಗಡಿಯಾರ ಹಚ್ಚಿ, ಒಂದು ತಾಸಿಗೆ ಯಾರ ರೊಟ್ಟಿ ಎಷ್ಟು ಎಂದು ಎಣಿಸಿದ್ದಳು. ಒಂದು ಕಡೆ ನಾಲ್ವರ ತಂಡ: ಒಬ್ಬಳು ನಾದುವುದು, ಒಬ್ಬಳು ಬಡಿಯುವುದು, ಒಬ್ಬಳು ಹಂಚಿನ ಮೇಲೆ ಬೇಯಿಸುವುದು, ನಾಲ್ಕನೆಯವಳು ಕಡಕ್ಕಾಗುವ ತನಕ ಒಣಗಿಸುವುದು. ಇನ್ನೊಂದು ಕಡೆ ಐವತ್ತೈದು ವರ್ಷದ ದಾವಲಬಿ ಒಬ್ಬಳೇ, ಹಿಟ್ಟು ನಾದಲು ಅವಳ ಪರಾತ, ಅವಳ ಹಂಚು, ಅವಳ ಒಲೆ. ತಂಡದ್ದು ನೂರಾ ಎಪ್ಪತ್ತಾರು ಆಯಿತು, ಅಂದರೆ ತಲೆಗೆ ನಲವತ್ತನಾಲ್ಕು. ದಾವಲಬಿಯದು ನಲವತ್ತೈದು. ಹೆಂಗಸರು ಚಪ್ಪಾಳೆ ತಟ್ಟಿದ್ದರು. ಶರ್ವರಿ ನಕ್ಕು, 'ಆತ್ರಿ, ನೀವು ಗೆದ್ರಿ. ನಿಮ್ಮ ಒಲಿ ನಿಮಗ ಇರ್ಲಿ, ನಿಮ್ಮನ್ನ ಲೈನಿಗೆ ಎಳೆಯೂದಿಲ್ಲ' ಎಂದಿದ್ದಳು. ಒಂದೇ ಒಂದು ರೊಟ್ಟಿ. ಆ ಒಂದು ರೊಟ್ಟಿಯ ಮೇಲೆ ಅವಳ ಒಲೆ ಉಳಿದಿತ್ತು.

ಕೇಂದ್ರದ ಗೋಡೆಯ ಮೇಲೆ ಶರ್ವರಿ ತಂದು ಹಚ್ಚಿದ ಚಿತ್ರವೊಂದಿತ್ತು. ಒಂದರ ಮೇಲೊಂದು ಇಟ್ಟ ಆರು ಕೈಗಳು, ಕೆಳಗೆ 'ಕೂಡಿ ದುಡಿದರೆ ಹೆಚ್ಚು ದುಡಿತ' ಎಂಬ ಬರಹ. ದಾವಲಬಿಗೆ ಓದು ಅಷ್ಟಕ್ಕಷ್ಟೇ, ಆದರೆ ಕೈಗಳನ್ನು ನೋಡಲು ಓದು ಬೇಕಾಗಿರಲಿಲ್ಲ. ಆ ಆರರಲ್ಲಿ ಒಂದಕ್ಕೂ ಉಗುರು ಬರೆದಿರಲಿಲ್ಲ. ಉಗುರಿಲ್ಲದ ಕೈ ಯಾರದಾದರೇನು ಎಂದು ಅವಳಿಗೆ ದಿನಾ ಅನ್ನಿಸುತ್ತಿತ್ತು, ಮತ್ತು ಹಾಗೆ ಅನ್ನಿಸಿದಾಗಲೆಲ್ಲ ಯಾಕೋ ಸಿಟ್ಟು ಬರುತ್ತಿತ್ತು. ಶರ್ವರಿಯ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಒಳ್ಳೆಯ ಹುಡುಗಿ. ನೌಕರಿ ಮಾಡುವ ಮನೆತನದವಳು, ಹೆಂಗಸರಿಗೆಲ್ಲ ಬಹುವಚನ, ಯಾರಿಗೂ ಜೋರು ಮಾಡಿದ್ದಿಲ್ಲ. ಜೋರು ಮಾಡುವವರ ಎದುರು ನಿಲ್ಲುವುದು ದಾವಲಬಿಗೆ ಸಲೀಸು. ಮೆತ್ತಗೆ ಮಾತಾಡುವವರ ಎದುರು ನಿಲ್ಲುವುದೇ ಕಷ್ಟ.

ಇವತ್ತು ಒಳಗೆ ಕಾಲಿಡುವಾಗ ಯಾರೂ ಒಲೆ ಹಚ್ಚಿರಲಿಲ್ಲ. ಶರ್ವರಿಯ ಮೇಜಿನ ಮೇಲೆ ರೊಟ್ಟಿಯ ಕಟ್ಟೊಂದು ಇತ್ತು, ಇಪ್ಪತ್ತೈದರ ಕಟ್ಟು, ಯಾವುದೋ ವಸತಿ ನಿಲಯದ ಅಡುಗೆ ಮನೆಯಿಂದ ವಾಪಸು ಬಂದದ್ದು. ಪ್ಲಾಸ್ಟಿಕ್ಕಿನ ಒಳಗೆ ಹಸಿರು ಬೂಷ್ಟು ದೂರದಿಂದಲೇ ಕಾಣುತ್ತಿತ್ತು. ಮಂಗಳವಾರದ ಕಟ್ಟು ಎಂದು ಚೀಟಿ ಹೇಳುತ್ತಿತ್ತು. 'ನೋಡ್ರಿ, ಇದು ಯಾರ ರೊಟ್ಟಿ ಅಂತ ನಾ ಕೇಳೂದಿಲ್ಲ,' ಎಂದಳು ಶರ್ವರಿ. 'ಯಾರ ಹೆಸರೂ ಬ್ಯಾಡ. ತಪ್ಪು ಆದ್ರ ಅದು ಟೀಮಿನ ತಪ್ಪು, ನಮ್ಮೆಲ್ಲಾರದು ಅದ. ಇನ್ನ ಮ್ಯಾಲೆ ಒಣಗಿಸೂದರ ಕಡೆ ಎಲ್ಲಾರೂ ಲಕ್ಷ್ಯ ಕೊಡೂಣು. ಇಷ್ಟ.' ಹೆಂಗಸರು ತಲೆಯಾಡಿಸಿದರು. ಯಾರ ಹೆಸರೂ ಬೇಡ ಎಂದದ್ದೇ ತಡ, ಎಲ್ಲರ ಕಣ್ಣೂ ಸುರೈಯಾಳ ಕಡೆ ಹೊರಳಿದವು. ಯಾರು ಬೇಯಿಸಿದ್ದಾದರೂ ಕೊನೆಗೆ ಎಣಿಸಿ ಕಟ್ಟುವವಳು ಅವಳೇ, ಮತ್ತು ತಂಡದಲ್ಲಿ ಒಣಗಿಸುವ ಕೆಲಸವೂ ಅವಳದೇ.  ಸುರೈಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು. ಆ ತಲೆ ಬಗ್ಗಿಸುವ ರೀತಿ ದಾವಲಬಿಗೆ ಗೊತ್ತಿತ್ತು. ಅದನ್ನು ಅವಳು ಅತ್ತೆಯ ಊರಾದ ಕಳ್ಳಕವಟಗಿಯ ಒಂದು ಅಂಗಳದಲ್ಲಿ, ಮೂವತ್ತೊಂದು ವರ್ಷದ ಹಿಂದೆ, ಬೇರೆ ಕುತ್ತಿಗೆಯ ಮೇಲೆ ನೋಡಿದ್ದಳು.

ಹತ್ತಿರ ಹೋಗದಿದ್ದರೆ ಆಗುತ್ತಿತ್ತು. ಹೋದಳು. ಪ್ಲಾಸ್ಟಿಕ್ಕನ್ನು ಸರಿಸಿ ಮೇಲಿನ ರೊಟ್ಟಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಕುರುಡರು ನಾಣ್ಯ ಮುಟ್ಟಿ ನೋಡುವ ಹಾಗೆ. ಬೂಷ್ಟಿನ ಕೆಳಗೆ ಸಣ್ಣದೊಂದು ತಗ್ಗು, ಅರ್ಧ ಚಂದ್ರದ ಆಕಾರದ್ದು. ಎರಡನೆಯದಕ್ಕೂ ಇತ್ತು. ಮೂರನೆಯದಕ್ಕೂ. ಸಣ್ಣವಳಿದ್ದಾಗ ದನಗಳ ಮೇವಿಗೆ ಕಣಕಿ ಕತ್ತರಿಸುವ ಯಂತ್ರದಲ್ಲಿ ಎಡಗೈ ಸಿಕ್ಕು ಅವಳ ಕಿರುಬೆರಳು ಮಡಚುವುದನ್ನೇ ಬಿಟ್ಟಿತ್ತು. ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಾಗ ಬೇರೆ ಹೆಂಗಸರ ಬೆರಳು ಒಳಗೆ ಬಾಗುತ್ತವೆ, ಅವಳದೊಂದು ಬೆರಳು ಮಾತ್ರ ಸೆಟೆದು ನಿಂತು ಉಗುರಿನಿಂದ ಅಂಚನ್ನು ಚುಚ್ಚುತ್ತದೆ. ತವರಿನ ಹೆಂಗಸರು ಅದಕ್ಕೆ ದಾವಲಬಿಯ ಸಿಕ್ಕಾ ಎಂದು ಹೆಸರಿಟ್ಟಿದ್ದರು, ಕಚೇರಿಯ ಕಾಗದದ ಮೇಲೆ ಸಾಹೇಬರು ಸಿಕ್ಕಾ ಒತ್ತುವುದಿಲ್ಲವೇ, ಹಾಗೆ. ಎಷ್ಟು ಹುಷಾರಾಗಿ ಎತ್ತಿದರೂ ಸಿಕ್ಕಾ ಬೀಳುತ್ತಿತ್ತು. ಮಂಗಳವಾರ ಆ ತಾಸಿನಲ್ಲಿ ನಲವತ್ತೈದು ಸಲ ಬಿದ್ದಿತ್ತು. ಅವಳ ಮಾಮೂಲಿ ಲೆಕ್ಕ ಮೂವತ್ತಾರು. ಉಳಿದ ಒಂಬತ್ತು ಎಲ್ಲಿಂದ ಬಂದವು ಎಂದು ಈಗ ನೆನಪಾಯಿತು: ಬೇಯಿಸಿದ ರೊಟ್ಟಿಯನ್ನು ಒಲೆಯ ಮಗ್ಗುಲಿಗೆ ಆನಿಸಿ ಪೂರ್ತಿ ಒಣಗಲು ಬಿಡದೆ, ಶರ್ವರಿಯ ಮೊಬೈಲನ್ನೇ ನೋಡುತ್ತ, ಒಂದರ ಮೇಲೊಂದು ಒಟ್ಟಿದ್ದಳು. ತಂಡವನ್ನು ಸೋಲಿಸಬೇಕಾಗಿತ್ತು.

ಸುಮ್ಮನಿದ್ದರೆ ಏನಾಗುತ್ತದೆ ಎಂದು ಅವಳ ತಲೆ ಬೇಡವೆಂದರೂ ಲೆಕ್ಕ ಹಾಕಿತು. ಏನೂ ಆಗುವುದಿಲ್ಲ. ಟೀಮಿನ ತಪ್ಪು. ಟೀಮಿನ ಒಳಗೆ ಎಷ್ಟು ಬೆಚ್ಚಗಿರುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಅದರೊಳಗೆ ಅವಳು ಮೂವತ್ತೊಂದು ವರ್ಷ ಮಲಗಿದ್ದಾಳೆ. ನಾದಿನಿ ಯಾಸ್ಮೀನಳ ಲಗ್ನ, ಬಬಲೇಶ್ವರದ ಬೀಗರು, ಓಣಿಯ ಇಪ್ಪತ್ತು ಹೆಂಗಸರು ಸಾಲಾಗಿ ಕೂತು ಎರಡು ದಿನ ಬಡಿದ ರೊಟ್ಟಿ. ಹರೆಯದ ದಾವಲಬಿಗೆ ತನ್ನ ಗುಡ್ಡೆಯೇ ಎತ್ತರ ಕಾಣಬೇಕೆಂಬ ಹಟ. ಎತ್ತರವೇನೋ ಆಯಿತು. ಊಟದ ದಿನ ಬುಟ್ಟಿ ತೆಗೆದರೆ ನಡುವೆಲ್ಲ ಬೂಷ್ಟು. ಬೀಗರಲ್ಲೊಬ್ಬ ರೊಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, 'ಇವನ್ನ ಎಮ್ಮಿಗೆ ಹಾಕ್ರಿ, ನಮಗ್ಯಾಕ?' ಎಂದದ್ದು ಈಗಲೂ ಕಿವಿಯಲ್ಲಿದೆ. ಎಲ್ಲರ ರೊಟ್ಟಿಯೂ ಒಂದೇ ಬುಟ್ಟಿಯಲ್ಲಿದ್ದವು, ಯಾರದೆಂದು ಹೇಳುವವರು ಯಾರು? ಅತ್ತೆಯ ಕಣ್ಣು ಒಂದು ಸುತ್ತು ಹಾಕಿ, ಆರು ತಿಂಗಳ ಹಿಂದೆ ಮನೆಗೆ ಬಂದ ಸಣ್ಣ ಸೊಸೆ ಮಾಬುಬಿಯ ಮೇಲೆ ನಿಂತಿತು. ಅವಳು ತಲೆ ಬಗ್ಗಿಸಿದ್ದೇ ಸಾಕ್ಷಿಯಾಯಿತು. ಆವತ್ತಿನಿಂದ ಓಣಿಯಲ್ಲಿ ಯಾರ ಮನೆಯ ಲಗ್ನವಾಗಲಿ, ಮಾಬುಬಿಯನ್ನು ಹಂಚಿನ ಮುಂದೆ ಕೂರಿಸಿದ್ದಿಲ್ಲ. ಈಕಿ ಎಸರು ಇಡಲಿ, ಈಕಿ ಉಳ್ಳಾಗಡ್ಡಿ ಹೆಚ್ಚಲಿ ಎನ್ನುತ್ತಿದ್ದರು. ನೆಗೆಣ್ಣಿ ಮಾಬುಬಿ ಹಿಟ್ಟಿಗೆ ನೀರು ಕಾಯಿಸಿ ಕೊಡುವಾಗಲೆಲ್ಲ ದಾವಲಬಿ ಅವಳ ಮುಖ ನೋಡದೆ ತಂಬಿಗೆ ಇಸಿದುಕೊಂಡಿದ್ದಾಳೆ. ವಿಜಯಪುರಕ್ಕೆ ಬಂದ ಮೇಲೆ ಯಾರ ಜೊತೆಯೂ ಕೂತು ರೊಟ್ಟಿ ಮಾಡಲಿಲ್ಲ. ಸೊಕ್ಕಿನವಳು ಎಂದರು. ಅನ್ನಲಿ ಎಂದು ಬಿಟ್ಟಳು, ಸೊಕ್ಕು ಎನ್ನಿಸಿಕೊಳ್ಳುವುದು ಎಷ್ಟೋ ವಾಸಿಯಾಗಿತ್ತು.

'ಮೇಡಮ್ಮಾರ, ಇವು ನನ್ನವ,' ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

'ದಾವಲಬಿ ಅಮ್ಮಾ, ನಾ ಹೇಳಿದೆನಲ್ರಿ, ಯಾರ ಹೆಸರೂ ಬ್ಯಾಡಂತ.'

'ನಿಮಗ ಬ್ಯಾಡಾಗಿರಬೇಕ್ರಿ, ನನಗ ಬೇಕು. ನೋಡ್ರಿ ಇಲ್ಲೆ, ಅಂಚಿಗೆ. ಇದು ನನ್ನ ಕಿರಿಬಳ್ಳಿನ ಉಗುರ. ಮಂಗಳವಾರ ನಾ ಗೆಲ್ಲೂ ಗಡಬಡಿಯೊಳಗ ಒಣಗಿಸಲಾರದ ಒಟ್ಟೇನಿ. ಸುರೈಯಾಂದು ಏನೂ ತಪ್ಪಿಲ್ಲ. ಆಕಿ ಕಟ್ಟಿದ್ದಷ್ಟ.'

ಶರ್ವರಿ ರೊಟ್ಟಿ ನೋಡಿದಳು, ದಾವಲಬಿಯ ಬೆರಳು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. 'ಅಂದ್ರ ನಲವತ್ತೈದು ಅನ್ನೂದು...'

'ಖರೆ ಅಲ್ರಿ. ಒಣಗಿಸಿ ಮಾಡಿದ್ರ ನಂದು ಮೂವತ್ತಾರ. ನೀವು ಗೆದ್ದೀರಿ. ತಲಿಗೆ ಎಂಟು ರೊಟ್ಟಿ ಹೆಚ್ಚಿಗಿ.'

ಹೇಳಿ ಮುಗಿಸಿದ ಮೇಲೆ ಯಾರಾದರೂ ಏನಾದರೂ ಒಳ್ಳೆಯ ಮಾತು ಆಡುತ್ತಾರೆಂದು ಅವಳ ಮನಸ್ಸಿನ ಯಾವುದೋ ಮೂಲೆ ಕಾದಿತ್ತು, ಅದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು. ಮಾತಾಡಿದವಳು ಸುರೈಯಾ. 'ಮೂವತ್ತಾರು ಇದ್ದದ್ದು ಮಂಗಳವಾರ ಗೊತ್ತಿರಲಿಲ್ಲೇನ ಖಾಲಾ? ನಾಲ್ಕ ದಿನ ಕುತ್ತಿಗಿ ಎತ್ತಿ ಅಡ್ಡಾಡಿದ್ರಿ. ನಾ ನಿಮ್ಮ ಸಲುವಾಗಿ ಚಪ್ಪಾಳಿ ಬಾರಿಸೇನಿ.' ಒಬ್ಬಿಬ್ಬರು ಕಿಸಕ್ಕೆಂದರು. ದಾವಲಬಿಗೆ ಕಿವಿಯ ತನಕ ಬಿಸಿಯಾಯಿತು. ಹೊರಗೆ ಹಳಿಯ ಮೇಲೆ ಗಾಡಿಯೊಂದು ಹೋಯಿತು, ತಗಡಿನ ಮಾಡು ಅದುರಿತು.

'ಹಂಗಾದ್ರ ನೀವ ಹೇಳ್ರಿ,' ಶರ್ವರಿ ಮೆತ್ತಗೇ ಹೇಳಿದಳು. 'ಲೈನಿನೊಳಗ ಇದ್ದಿದ್ರ ಇದು ಆಗ್ತಿತ್ತೇನು? ಒಣಗಿಸೂದು ಒಬ್ಬರದ ಕೆಲಸ ಇರ್ತದ. ಬಡಿಯೋರಿಗೆ ಗಡಬಡಿ ಇದ್ರೂ ಒಣಗಿಸೋರಿಗೆ ಇರೂದಿಲ್ಲ. ಒಬ್ಬರ ಹಟ ಇನ್ನೊಬ್ಬರು ತಡೀತಾರ. ಟೀಮ್ ಅಂದ್ರ ಅದ ಅಲ್ಲೇನ್ರಿ? ಸೋಮವಾರದಿಂದ ನೀವೂ ಲೈನಿಗೆ ಬರ್ರಿ.'

ಮಾತು ನೂರಕ್ಕೆ ನೂರು ಸರಿಯಾಗಿತ್ತು. ಅದೇ ದಾವಲಬಿಯನ್ನು ಕೆರಳಿಸಿತು. ಸರಿಯಾದ ಮಾತಿಗೆಲ್ಲ ಹೂಂ ಅನ್ನಲೇಬೇಕೆಂದು ಯಾರು ಹೇಳಿದರು? ನಾದುವವಳಿಗೆ ತಾನು ನಾದಿದ ಹಿಟ್ಟು ಬಡಿಯುವ ಕೈ ಕೆಳಗೆ ಹರಿಯುತ್ತದೋ ಜಿಗಿ ಹಿಡಿಯುತ್ತದೋ ಗೊತ್ತಾಗದ, ಬಡಿದವಳಿಗೆ ತನ್ನ ರೊಟ್ಟಿ ಉಬ್ಬಿತೋ ಇಲ್ಲವೋ ಕಾಣದ ಆ ಸಾಲಿನಲ್ಲಿ ತನ್ನ ಸೆಟೆದ ಬೆರಳನ್ನು ಎಲ್ಲಿ ಇಡಬೇಕು? 'ಆಗ್ತಿರಲಿಲ್ಲ, ಖರೆ ಐತಿ ನಿಮ್ಮ ಮಾತು,' ಎಂದಳು. 'ಆದ್ರ ಅಪ್ಪಿತಪ್ಪಿ ಆತಂದ್ರ ಯಾರದಂತ ಗೊತ್ತೂ ಆಗಂಗಿಲ್ಲ. ನೀವು ಹೆಸರು ಬ್ಯಾಡ ಅಂದ್ರಿ ಮೇಡಮ್ಮಾರ, ಎಲ್ಲಾರೂ ಸುರೈಯಾನ್ನ ನೋಡಿದ್ರು. ನೀವು ನೋಡ್ಲಿಲ್ಲ, ನಾ ನೋಡೇನಿ. ಹೆಸರ ಹೇಳಲಿಲ್ಲ ಅಂದ್ರ ತಪ್ಪು ಹಗುರ ಆಗಂಗಿಲ್ರಿ, ಯಾರಿಗೆ ಬಾಯಿಲ್ಲೋ ಅವರ ತಲಿಮ್ಯಾಗ ಹೋಗಿ ಕುಂಡರತೈತಿ. ನಾ ಸೋಮವಾರ ಬಂದ್ರ ನನ್ನ ಒಲಿಗೆ ಬರ್ತೇನಿ. ತಾಸಿಗೆ ಮೂವತ್ತಾರು. ಮೂವತ್ತೇಳನೇದು ಕೇಳಬ್ಯಾಡ್ರಿ. ಒಲಿ ಕೊಡೂದಿಲ್ಲ ಅಂದ್ರ ಬರಂಗಿಲ್ಲ.'

ಹಂಚು ಅವಳದೇ, ಮನೆಯಿಂದ ತಂದಿಟ್ಟದ್ದು. ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡಳು. ಬೂಷ್ಟು ಹಿಡಿದ ಕಟ್ಟನ್ನೂ ಎತ್ತಿಕೊಂಡಳು. 'ಅದನ್ಯಾಕ ಒಯ್ತೀರಿ?' ಎಂದು ಶರ್ವರಿ ಕೇಳಿದ್ದಕ್ಕೆ 'ಇವು ನನ್ನವ ಅದಾವ್ರಿ' ಎಂದಷ್ಟೇ ಹೇಳಿ ಹೊರಬಿದ್ದಳು. ಬಾಗಿಲು ದಾಟುವಾಗ ಆ ಉಗುರಿಲ್ಲದ ಆರು ಕೈಗಳ ಕಡೆ ಇನ್ನೊಮ್ಮೆ ನೋಡಿದಳು.

ಮನೆಗೆ ಹೋಗಬೇಕಾದವಳು ಬಸ್ ನಿಲ್ದಾಣಕ್ಕೆ ಯಾಕೆ ಬಂದಳು ಎಂದು ತಿಕೋಟಾದ ಬಸ್ಸಿನಲ್ಲಿ ಕೂತ ಮೇಲೂ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ತೊಡೆಯ ಮೇಲೆ ಹಂಚು ಭಾರವಾಗಿತ್ತು, ಪಕ್ಕದವಳು ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ಸರಿದಳು. ಕಂಡಕ್ಟರ್ 'ಏನವ್ವಾ, ಹಂಚಿಗೂ ಟಿಕೇಟ ತಗಸ್ಲೇನ?' ಎಂದು ನಗಾಡಿದ. ಅವಳು ನಗಲಿಲ್ಲ. ಒಂದು ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವಳಿಗೆ ಹಾಗೇನೂ ಆಗಿರಲಿಲ್ಲ. ಸಣ್ಣದನ್ನು ಕೊಟ್ಟು ದೊಡ್ಡದನ್ನು ಬಚ್ಚಿಟ್ಟವಳ ಹಾಗೆ ಅನ್ನಿಸುತ್ತಿತ್ತು. ಹೊರಗೆ ದ್ರಾಕ್ಷಿ ತೋಟಗಳು, ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡುಗಳು ಹಿಂದೆ ಸರಿದವು. ಇಲ್ಲಿ ಒಣಗಿಸುವುದನ್ನೇ ನಂಬಿ ಬದುಕುವ ಊರುಗಳ ನಡುವೆ ಹುಟ್ಟಿ ಬೆಳೆದು, ಜೀವನದಲ್ಲಿ ಎರಡು ಸಲ ಒಣಗಿಸುವುದರಲ್ಲೇ ತಪ್ಪಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಕಹಿಯಾದ ನಗು ಬಂತು. ಕಣ್ಣು ಮುಚ್ಚಿದರೆ ಮತ್ತೆ ಅದೇ ದನದ ಕೊಟ್ಟಿಗೆ. ಲಗ್ನದ ದಿನ ಎಲ್ಲರೂ ಬೈದು ಹೋದ ಮೇಲೆ ಮಾಬುಬಿ ಆ ಬುಟ್ಟಿಯನ್ನು ಎಮ್ಮೆಯ ಮುಂದೆ ಎಳೆದೊಯ್ದು ಕೂತಿದ್ದಳು. ರೊಟ್ಟಿಯನ್ನು ಹಾಗೇ ಸುರಿಯಬಹುದಾಗಿತ್ತು. ಸುರಿಯಲಿಲ್ಲ. ಒಂದೊಂದನ್ನೇ ಎತ್ತಿ, ಅಂಚನ್ನು ಸುತ್ತಲೂ ಚೂರು ಚೂರಾಗಿ ಮುರಿದು ಹಾಕುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿದ ದಾವಲಬಿ ಅದನ್ನು ಸಿಟ್ಟು ಎಂದುಕೊಂಡಿದ್ದಳು. ಇಷ್ಟು ವರ್ಷ ಅದು ಸಿಟ್ಟೇ ಆಗಿತ್ತು. ಬಸ್ಸು ತಿಕೋಟಾದಲ್ಲಿ ನಿಂತಾಗ ಅವಳಿಗೆ ಒಮ್ಮೆಲೇ ಹೊಳೆಯಿತು, ಸಿಟ್ಟಿದ್ದವರು ನಡುವೆ ಮುರಿಯುತ್ತಾರೆ, ಅಂಚನ್ನು ಹುಡುಕಿ ಮುರಿಯುವುದಿಲ್ಲ. ಅಲ್ಲಿಂದ ಕಳ್ಳಕವಟಗಿಗೆ ಹೋಗುವ ಟಂಟಂ ಆಟೋ ಹತ್ತಿದಳು.

ಮಾಬುಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ದಾವಲಬಿಗಿಂತ ಹೆಚ್ಚು ಬೆಳ್ಳಗಾಗಿದ್ದವು. 'ಯಾಕ ಅಕ್ಕಾ, ಫೋನ್ ಇಲ್ಲ ಏನಿಲ್ಲ, ಹಂಚು ಹೊತಗೊಂಡು ಬಂದಿ? ಇಮ್ರಾನ ಮನಿಯಾಗಿಂದ ಹೊರಗ ಹಾಕಿದ್ನೇನ?' ಎಂದು ನಕ್ಕಳು. ಇಮ್ರಾನ ದಾವಲಬಿಯ ಮಗ.  ದಾವಲಬಿ ಕಟ್ಟು ಬಿಚ್ಚಿ, ಒಂದು ರೊಟ್ಟಿ ತೆಗೆದು ಅವಳ ಮೊರದಲ್ಲಿ ಇಟ್ಟಳು. ಮಾಬುಬಿಯ ಹೆಬ್ಬೆರಳು ನೇರವಾಗಿ ಅಂಚಿಗೇ ಹೋಯಿತು. ಹುಡುಕಲಿಲ್ಲ.

'ನಿನಗ ಗೊತ್ತಿತ್ತು,' ಎಂದಳು ದಾವಲಬಿ.

'ಗೊತ್ತಿರಲಾರದ ಏನ? ಆರು ತಿಂಗಳು ನಿನ್ನ ಮಗ್ಗಲಾಗ ಕುಂತು ರೊಟ್ಟಿ ತಿಂದಾಕಿ ನಾ.'

'ಮತ್ತ ಯಾಕ ಹೇಳಲಿಲ್ಲ ಬೇ?'

'ಆ ವರ್ಷ ಅತ್ತಿ ನಿನ್ನ ತವರಿಗೆ ಕಳಸಾಕ ಒಂದು ನೆಪ ಹುಡುಕಾಕತ್ತಿದ್ಲು. ನಿನಗ ನೆನಪಿಲ್ಲೇನ? ಬುಟ್ಟಿಯಾಗ ಕೈ ಹಾಕಿದ್ರ ಅಂಚಿಗೆಲ್ಲಾ ನಿನ್ನ ಸಿಕ್ಕಾ. ಯಾರರ ಒಬ್ಬರು ನೋಡಿದ್ರ ಮುಗೀತು. ಮುರದು ಹಾಕಿದ್ನಿ. ನನ್ನನ್ನೇನು ಕಳಸ್ತಿದ್ರು, ಹೊಸಾಕಿ, ಬೈದು ಬಿಟ್ರು.'

ದಾವಲಬಿಗೆ ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. ಇಷ್ಟು ವರ್ಷ ತಾನು ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ತಪ್ಪನ್ನು ಇನ್ನೊಬ್ಬಳು ಇಷ್ಟು ಸಲೀಸಾಗಿ, ಮೊರ ಕೇರುತ್ತ, ಹೊತ್ತುಕೊಂಡು ಕೂತಿದ್ದಾಳೆ. ಯಾರ ಹಂಗೂ ಬೇಡವೆಂದು ಒಬ್ಬಳೇ ಒಲೆ ಹಚ್ಚಿದ ಅಷ್ಟೂ ದಿನ ಈಕೆಯ ಹಂಗಿನಲ್ಲೇ ಇದ್ದೆನಲ್ಲ! 'ಯಾರು ಹೇಳಿದ್ರು ನಿನಗ ಮುರೀ ಅಂತ? ನಂದಿತ್ತು ಅದು. ನನ್ನ ತಪ್ಪು ನಂಗ ವಾಪಸ್ ಕೊಡು. ಬರೂ ಲಗ್ನದಾಗ ಎಲ್ಲಾರ ಮುಂದ ನಾ ಹೇಳಾಕಿ, ಆ ರೊಟ್ಟಿ ನಂದು, ಮಾಬುಬೀದು ಅಲ್ಲಂತ.'

ಮಾಬುಬಿ ಮೊರ ಕೆಳಗಿಟ್ಟಳು. ಅವಳ ದನಿ ಏರಿದ್ದನ್ನು ದಾವಲಬಿ ಎಂದೂ ಕೇಳಿರಲಿಲ್ಲ. 'ಹೇಳಿ ನೀ ಹಗುರ ಆಗ್ತಿ. ನಾ ಏನಾಗ್ಲಿ? ಮೂವತ್ತೊಂದು ವರ್ಷ ಎಸರಿಟ್ಟು, ಉಳ್ಳಾಗಡ್ಡಿ ಹೆಚ್ಚಿ ಸುಮ್ನ ಇದ್ದದ್ದು ಹುಚ್ಚತನ ಆತಿಲ್ಲೋ? ಈ ಮನಿಯಾಗ ನಾ ಮಾಡಿದ್ದೆಲ್ಲಾ ಎಲ್ಲಾರ ಕೂಡ ಮಾಡಿದ್ದು, ಎಲ್ಲಾರ ಹೆಸರಿಗೆ ಹೋಗೈತಿ. ಅದೊಂದು ಕೆಲಸ ನಾ ಒಬ್ಬಾಕೀನ ಮಾಡೇನಿ. ಯಾರ ಸಾಥೂ ಇರಲಿಲ್ಲ, ನಿಂದೂ ಇರಲಿಲ್ಲ. ಅದನ್ನ ನನ್ನ ಕೈಯಾಗಿಂದ ಕಸಗೊಬ್ಯಾಡ.'

 ಮೇಕೆಯೊಂದು ಬಂದು ಬೂಷ್ಟು ಹಿಡಿದ ಕಟ್ಟನ್ನು ಮೂಸಿ ಹೋಯಿತು, ಅದಕ್ಕೂ ಬೇಡವಾಯಿತು.  ಕ್ಷಮೆ ಕೇಳಬೇಕೆಂದರೆ ಕೇಳಿಸಿಕೊಳ್ಳುವವಳು ಬೇಡ ಎನ್ನುತ್ತಿದ್ದಾಳೆ. ಕೊನೆಗೆ ದಾವಲಬಿ ಎದ್ದು, ಅಂಗಳದ ಒಲೆಯಲ್ಲಿ ಕಟ್ಟಿಗೆ ತುರುಕಿ, ಗೋಣಿತಟ್ಟಿನಿಂದ ಹಂಚು ತೆಗೆದಿಟ್ಟಳು. ಮಾಬುಬಿ ಅಭ್ಯಾಸದ ಬಲದಿಂದ ನೀರಿನ ತಂಬಿಗೆಗೆ ಕೈ ಚಾಚಿದಳು. ದಾವಲಬಿ ಅದನ್ನು ಕಸಿದುಕೊಂಡಳು.

'ಎಸರು ನಾ ಇಡ್ತೇನಿ. ನೀ ಬಡಿ.'

'ಇಲ್ಲೆ? ಅಂಗಳದಾಗ? ಓಣಿ ಎಲ್ಲಾ ನೋಡತೈತಿ.'

'ನೋಡ್ಲಿ.'

ನೀರು ಕುದಿಯಿತು. ದಾವಲಬಿ ಹಿಟ್ಟಿಗೆ ಸುರಿದು ಕೊಟ್ಟಳು. ಮಾಬುಬಿ ನಾದಿ, ಉಂಡೆ ಮಾಡಿ, ಬಡಿಯತೊಡಗಿದಳು. ಮನೆಯವರಿಗಷ್ಟೇ ಮಾಡಿ ರೂಢಿಯಾದ ಕೈ ಮೊದಲು ಸ್ವಲ್ಪ ಅನುಮಾನಿಸಿತು. ಎದುರು ಮನೆಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ಬಂದು ನಿಂತಳು, ಆಮೇಲೆ ಇನ್ನೊಬ್ಬಳು. ಬಡಿತದ ಸಪ್ಪಳ ಜೋರಾಯಿತು. ರೊಟ್ಟಿ ಬೆಳೆದು ಬೆಳೆದು ಬಡಿಯುವ ಕಲ್ಲಿನ ಅಂಚು ಮುಟ್ಟಿತು, ತೆಳ್ಳಗೆ, ದುಂಡಗೆ, ದಾವಲಬಿ ಮಾಡುವುದಕ್ಕಿಂತ ದೊಡ್ಡದು. ಹಂಚು ಕಾದಿತ್ತು. ಎತ್ತಿ ಹಾಕಲು ದಾವಲಬಿ ತನಗೆ ಗೊತ್ತಿಲ್ಲದೆಯೇ ಎಡಗೈ ಚಾಚಿದಳು.

ಮಾಬುಬಿ ಹಿಟ್ಟಿನ ಕೈಯಿಂದಲೇ ಅವಳ ಮುಂಗೈಗೆ ಪಟ್ಟೆಂದು ಹೊಡೆದಳು.

'ಕೈ ತಗಿ. ನಿನ್ನ ಸಿಕ್ಕಾ ಬೀಳತೈತಿ. ಇದು ನಂದು.'